ದಣಿವಿಗೆ ಚಹಾ-ಕಾಫಿ ಮದ್ದೇ?

ಬೆಳಗಿನ ಐದು ಗಂಟೆಗೆ ವಾರ್ಡಿನ ಬಾಗಿಲು ತೆರೆದಾಗ ಮೊದಲು ಹೊರಗೆ ಬರುವವರು ರೋಗಿಗಳಲ್ಲ, ಅವರ ಬಂಧುಗಳು. ಕೈಯಲ್ಲಿ ಫ್ಲಾಸ್ಕ್, ಹೆಗಲ ಮೇಲೊಂದು ಟವೆಲ್, ಕೆಂಪಗಾದ ಕಣ್ಣು. ರಾತ್ರಿಯಿಡೀ ಸಲೈನ್ ಬಾಟಲಿ ನೋಡುತ್ತ, ಸ್ಟೂಲಿನ ಮೇಲೆ ಕುಳಿತು ಮಂಚದ ಅಂಚಿಗೆ ತಲೆಯಿಟ್ಟು ಅರೆನಿದ್ದೆ ಮಾಡಿದವರು. ಗೇಟಿನ ಹೊರಗಿನ ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿದ ಮೇಲೆಯೇ ಅವರ ಮುಖಕ್ಕೆ ಸ್ವಲ್ಪ ಜೀವ ಬರುತ್ತದೆ. ಅಲ್ಲಿಂದ ಮುಂದೆ ವೈದ್ಯರು ರೌಂಡ್ಸಿಗೆ ಬರುವ ಮೊದಲು ಒಂದು, ರಕ್ತಪರೀಕ್ಷೆಯ ವರದಿ ತರಲು ಹೋದಾಗ ಒಂದು, ಊರಿನಿಂದ ನೋಡಲು ಬಂದವರ ಜೊತೆ ಒಂದು. ಸಂಜೆಯಾಗುವಷ್ಟರಲ್ಲಿ ಏಳೆಂಟು ಲೋಟ ಆಗಿರುತ್ತದೆ. "ಊಟ ಇಲ್ಲದಿದ್ದರೂ ನಡೆದೀತು, ಚಹಾ ಇಲ್ಲದಿದ್ದರೆ ಕೈಕಾಲೇ ಆಡುವುದಿಲ್ಲ" ಎನ್ನುವವರನ್ನು ನಾವು ದಿನವೂ ಕಾಣುತ್ತೇವೆ.

ತಮ್ಮಿಂದ ಚಹಾ-ಕಾಫಿ ಬಿಡಿಸಬೇಕೆಂದು ಈ ಲೇಖನ ಬರೆದದ್ದಲ್ಲ. ಬರೆಯುವವರಿಗೂ ಬೆಳಗಿನ ಲೋಟ ಬೇಕೇ ಬೇಕು. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಚಿಂತೆ ಮತ್ತು ದಣಿವಿನಲ್ಲಿರುವ ಶರೀರದೊಳಗೆ ಆ ಲೋಟ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಬಹಳ ದಿನದ ಸುಸ್ತು ಅನೇಕ ವೇಳೆ ಒಂದು ಕಾಯಿಲೆಯ ಮೊದಲ ಸೂಚನೆ. ಅದನ್ನು ಚಹಾದಿಂದ ಮುಚ್ಚುತ್ತ ಹೋದರೆ, ಇಂದು ರೋಗಿಯ ಪಕ್ಕದಲ್ಲಿ ಕುಳಿತವರು ಆರು ತಿಂಗಳ ನಂತರ ತಾವೇ ಮಂಚ ಹತ್ತಬೇಕಾದೀತು.

ದಣಿವನ್ನು ಕೆಫೀನ್ ಹೇಗೆ ಮರೆಸುತ್ತದೆ?

ಚಹಾ ಮತ್ತು ಕಾಫಿ ಎರಡರಲ್ಲಿಯೂ ಇರುವ ಚುರುಕುಕಾರಕ ವಸ್ತು ಕೆಫೀನ್. ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್ಲೀಬ್ ರುಂಗೆ ಇದನ್ನು ಕಾಫಿ ಬೀಜದಿಂದ ಮೊದಲ ಬಾರಿಗೆ ಬೇರ್ಪಡಿಸಿದ್ದು 1819ರಲ್ಲಿ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ಚಿಕ್ಕಮಗಳೂರಿನ ಕಡೆ ಹೇಳುತ್ತಾರಲ್ಲ, ಆ ಕಾಲದಿಂದಲೂ ಇದು ನಿದ್ದೆ ಓಡಿಸುವ ಪಾನೀಯವೆಂದೇ ಜನಕ್ಕೆ ಗೊತ್ತು. ಹೇಗೆ ಓಡಿಸುತ್ತದೆ ಎಂಬುದು ಸ್ಪಷ್ಟವಾದದ್ದು ಮಾತ್ರ ಇತ್ತೀಚಿನ ದಶಕಗಳಲ್ಲಿ.

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನ ಜೀವಕೋಶಗಳು ಕೆಲಸ ಮಾಡುತ್ತಿರುತ್ತವೆ. ಕೆಲಸಕ್ಕೆ ಶಕ್ತಿ ಖರ್ಚಾದಂತೆ ಅಡೆನೋಸಿನ್ ಎಂಬ ವಸ್ತು ಅಲ್ಲಿ ಸ್ವಲ್ಪಸ್ವಲ್ಪವಾಗಿ ಸೇರುತ್ತ ಹೋಗುತ್ತದೆ. ಒಲೆ ಉರಿದಷ್ಟೂ ಬೂದಿ ಸೇರಿದ ಹಾಗೆ. ಈ ಅಡೆನೋಸಿನ್ ಮಿದುಳಿನ ಕೋಶಗಳ ಮೇಲಿನ ತನ್ನದೇ ಆದ ಗ್ರಾಹಕಗಳಿಗೆ ಅಂಟಿಕೊಂಡಾಗ "ಸಾಕು, ಇನ್ನು ಮಲಗು" ಎಂಬ ಸೂಚನೆ ಹೊರಡುತ್ತದೆ. ಕಣ್ಣು ಎಳೆಯುವುದು, ಆಕಳಿಕೆ, ಗಮನ ತಪ್ಪುವುದು ಎಲ್ಲವೂ ಅದರ ಫಲ. ಚೆನ್ನಾಗಿ ನಿದ್ದೆ ಮಾಡಿದಾಗ ಬೂದಿ ಗೋರಿ ತೆಗೆದಂತೆ ಅಡೆನೋಸಿನ್ ಇಳಿಯುತ್ತದೆ; ಬೆಳಿಗ್ಗೆ ಹಗುರವೆನಿಸುತ್ತದೆ. ಬೆಕ್ಕುಗಳನ್ನು ಗಂಟೆಗಟ್ಟಲೆ ಎಚ್ಚರವಿಟ್ಟು ಅವುಗಳ ಮಿದುಳಿನಲ್ಲಿ ಅಡೆನೋಸಿನ್ ಏರುವುದನ್ನೂ ನಿದ್ದೆಯಲ್ಲಿ ಇಳಿಯುವುದನ್ನೂ ವಿಜ್ಞಾನಿಗಳು 1997ರಲ್ಲಿ ಅಳೆದು ತೋರಿಸಿದರು.

ಕೆಫೀನ್‌ನ ಆಕಾರ ಅಡೆನೋಸಿನ್‌ಗೆ ಹೋಲುತ್ತದೆ. ಆದ್ದರಿಂದ ಅದು ಹೋಗಿ ಅದೇ ಗ್ರಾಹಕಗಳಲ್ಲಿ ಕುಳಿತುಬಿಡುತ್ತದೆ. ಬೀಗದ ಕಂಡಿಯಲ್ಲಿ ಬೇರೊಂದು ಕೀಲಿ ಸಿಕ್ಕಿಸಿದಂತೆ: ಬಾಗಿಲು ತೆರೆಯುವುದೂ ಇಲ್ಲ, ನಿಜವಾದ ಕೀಲಿಗೆ ಜಾಗವೂ ಇಲ್ಲ. "ಮಲಗು" ಎಂಬ ಸೂಚನೆ ತಲುಪುವುದಿಲ್ಲ. ದಣಿವು ಹೋಯಿತೆಂದು ನಮಗೆ ಅನ್ನಿಸುತ್ತದೆ. ಆದರೆ ಅಡೆನೋಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಸೇರುತ್ತಲೇ ಇರುತ್ತದೆ. ಕೆಲವು ಗಂಟೆಗಳ ನಂತರ ಕೆಫೀನ್ ಕಡಿಮೆಯಾದಾಗ ಬಾಕಿಯೆಲ್ಲ ಒಟ್ಟಿಗೆ ಬಂದು ಎರಗುತ್ತದೆ. ಮಧ್ಯಾಹ್ನ ಮೂರಕ್ಕೆ ಒಮ್ಮೆಲೇ ಕುಸಿದಂತಾಗುವುದು ಇದೇ. ಆಗ ಮತ್ತೊಂದು ಲೋಟ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೆಫೀನ್ ಶಕ್ತಿ ಕೊಡುವುದಿಲ್ಲ. ಚಹಾದಲ್ಲಿ ಶಕ್ತಿ ಎಂದು ಏನಾದರೂ ಇದ್ದರೆ ಅದು ಹಾಲು ಮತ್ತು ಸಕ್ಕರೆಯದು. ಕೆಫೀನ್ ಮಾಡುವುದು ದಣಿವಿನ ಗಂಟೆ ಕೇಳಿಸದಂತೆ ಕಿವಿಗೆ ಹತ್ತಿ ಇಡುವ ಕೆಲಸ. ಒಂದು ರಾತ್ರಿಯ ಮಟ್ಟಿಗೆ ಅದು ಉಪಕಾರವೇ. ಅದೇ ತಿಂಗಳುಗಳ ವ್ಯವಹಾರವಾದಾಗ ಲೆಕ್ಕ ಬೇರೆಯಾಗುತ್ತದೆ.

ಒತ್ತಡ ಬಹಳ ದಿನ ನಿಂತಾಗ

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಸಣ್ಣ ಗ್ರಂಥಿಗಳಿವೆ, ಅಡ್ರಿನಲ್ ಗ್ರಂಥಿಗಳು. ಹೆದರಿಕೆ, ಅವಸರ, ಅಪಾಯ ಎದುರಾದಾಗ ಇವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸದೂತಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬರುತ್ತದೆ. ಹೊಲದಲ್ಲಿ ಹಾವು ಕಂಡಾಗ ಓಡಲು ಇದು ಬೇಕು. ಹಾವು ಹೋದ ಮೇಲೆ ಎಲ್ಲವೂ ಮೊದಲಿನಂತಾಗಬೇಕು. ಆದರೆ ಆಸ್ಪತ್ರೆಯ ಬಿಲ್ಲು, ಮಗಳ ಮದುವೆಯ ಸಾಲ, ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಬಸ್ಸು ಹತ್ತುವುದು, ಇವು ಹಾವಿನಂತೆ ಹರಿದು ಹೋಗುವುದಿಲ್ಲ. ಒತ್ತಡದ ಬಗ್ಗೆ ಹನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿಯೇ ಪ್ರಕಟಿಸಿದ ಮುಖ್ಯ ಸಂಗತಿ ಇದೇ: ಕಾರಣ ಯಾವುದೇ ಇರಲಿ, ಒತ್ತಡ ಬಿಡದೆ ನಿಂತರೆ ಶರೀರ ಮೊದಲು ಎದ್ದು ನಿಲ್ಲುತ್ತದೆ, ಹೊಂದಿಕೊಳ್ಳುತ್ತದೆ, ಕೊನೆಗೆ ಬಳಲುತ್ತದೆ.

ಕೆಫೀನ್ ಕೂಡ ಇದೇ ಗ್ರಂಥಿಗಳನ್ನು ತಟ್ಟುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾಫಿ ರೂಢಿಯಿದ್ದ 47 ಜನರಿಗೆ ಅವರು ಎಂದಿನಂತೆ ಕೆಲಸಕ್ಕೆ ಹೋಗುವ ದಿನಗಳಲ್ಲಿ ಒಂದು ದಿನ 500 ಮಿ.ಗ್ರಾಂ. ಕೆಫೀನ್ ಮಾತ್ರೆಗಳಲ್ಲಿ ಕೊಟ್ಟರು, ಇನ್ನೊಂದು ದಿನ ಏನೂ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಕೆಫೀನ್ ದಿನ ರಕ್ತದೊತ್ತಡ ಸುಮಾರು 4 ಮಿ.ಮೀ. ಹೆಚ್ಚಿತ್ತು, ಅಡ್ರಿನಲಿನ್ ಶೇ. 32ರಷ್ಟು ಹೆಚ್ಚಿತ್ತು. ಕೊನೆಯ ಮಾತ್ರೆ ಮಧ್ಯಾಹ್ನವೇ ಮುಗಿದಿದ್ದರೂ ಪರಿಣಾಮ ರಾತ್ರಿ ಮಲಗುವವರೆಗೆ ಇತ್ತು. ಒತ್ತಡ ಹೆಚ್ಚೆಂದು ಹೇಳಿಕೊಂಡ ಹೊತ್ತಿನಲ್ಲಿ ಎದೆಬಡಿತದ ಮೇಲೆ ಅದರ ಪ್ರಭಾವ ಇನ್ನೂ ಜೋರಾಗಿತ್ತು. ಅಂದರೆ ಚಿಂತೆ ಒಂದು ಕಡೆಯಿಂದ, ಕೆಫೀನ್ ಇನ್ನೊಂದು ಕಡೆಯಿಂದ ಒಂದೇ ಕುದುರೆಗೆ ಚಾಟಿ ಬೀಸಿದಂತೆ.

"ನನಗೆ ರೂಢಿಯಾಗಿದೆ, ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ಅದು ಅರ್ಧ ನಿಜ. ದಿನಕ್ಕೆ 300 ಮಿ.ಗ್ರಾಂ. ಕೆಫೀನ್ ರೂಢಿಸಿಕೊಂಡವರಲ್ಲಿ ಬೆಳಗಿನ ಪ್ರಮಾಣಕ್ಕೆ ಕಾರ್ಟಿಸಾಲ್ ಏರದಿದ್ದರೂ ಮಧ್ಯಾಹ್ನದ ಪ್ರಮಾಣಕ್ಕೆ ಏರಿದ್ದನ್ನು 2005ರ ಒಂದು ಅಧ್ಯಯನ ಕಂಡಿದೆ. ಸ್ವಾಭಾವಿಕವಾಗಿ ಕಾರ್ಟಿಸಾಲ್ ಬೆಳಿಗ್ಗೆ ಏಳುವ ಹೊತ್ತಿಗೆ ಹೆಚ್ಚಿದ್ದು, ಸಂಜೆಯಿಂದ ಇಳಿಯುತ್ತ ನಡುರಾತ್ರಿಗೆ ಅತಿ ಕಡಿಮೆಯಾಗಬೇಕು. ಇಳಿಯಬೇಕಾದ ಹೊತ್ತಿನಲ್ಲಿ ಅದನ್ನು ಏರಿಸುವ ಲೋಟ ಯಾವುದು ಎಂಬುದನ್ನು ತಾವೇ ಲೆಕ್ಕ ಹಾಕಬಹುದು.

ಹೀಗೆ ಒಂದು ಸುತ್ತು ಕಟ್ಟಿಕೊಳ್ಳುತ್ತದೆ. ಚಿಂತೆಯಿಂದ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟದ್ದಕ್ಕೆ ಹಗಲು ಚಹಾ ಹೆಚ್ಚುತ್ತದೆ. ಹೆಚ್ಚಿದ ಚಹಾದಿಂದ ಆ ರಾತ್ರಿಯ ನಿದ್ದೆ ಇನ್ನಷ್ಟು ತೆಳುವಾಗುತ್ತದೆ. ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ಮಾತೂ ದೊಡ್ಡ ಚಿಂತೆಯಾಗುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಸುಮ್ಮನೆ ಸಿಟ್ಟು ಬರುವುದು, ಇವನ್ನೆಲ್ಲ ರೋಗಿಯ ಚಿಂತೆಯ ಖಾತೆಗೆ ಬರೆದುಬಿಡುತ್ತೇವೆ. ಒಂದು ಪಾಲು ಲೋಟದ ಖಾತೆಯದೂ ಆಗಿರಬಹುದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. "ನಿಮ್ಮ ಅಡ್ರಿನಲ್ ಗ್ರಂಥಿ ದಣಿದು ಬತ್ತಿಹೋಗಿದೆ" ಎಂದು ಹೇಳಿ ಪುಡಿ, ಗುಳಿಗೆ ಮಾರುವವರಿದ್ದಾರೆ. ಅಂಥ ಕಾಯಿಲೆ ಇದೆಯೆಂದು ವೈದ್ಯವಿಜ್ಞಾನ ಒಪ್ಪಿಲ್ಲ. ಅಡ್ರಿನಲ್ ಗ್ರಂಥಿ ನಿಜವಾಗಿ ಕೆಡುವ ರೋಗ ಒಂದಿದೆ, ಥಾಮಸ್ ಅಡಿಸನ್ ಎಂಬ ವೈದ್ಯರು 1855ರಲ್ಲಿ ವರ್ಣಿಸಿದ್ದು. ಕ್ಷಯದಿಂದಲೂ ಅದು ಬರಬಹುದು. ತೂಕ ಇಳಿಯುವುದು, ಚರ್ಮ ಕಪ್ಪಾಗುವುದು, ರಕ್ತದೊತ್ತಡ ಬೀಳುವುದು ಅದರ ಲಕ್ಷಣ. ಅದು ಚಹಾದಿಂದ ಬರುವುದಲ್ಲ, ಪುಡಿಯಿಂದ ಹೋಗುವುದೂ ಅಲ್ಲ.

ಒಂದು ಲೋಟದಲ್ಲಿ ಎಷ್ಟು? ಎಷ್ಟು ಹೊತ್ತು ಇರುತ್ತದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ., ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ., ಒಂದು ಲೋಟ ಚಹಾದಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆ. ದಿನಕ್ಕೆ ಒಟ್ಟು 300 ಮಿ.ಗ್ರಾಂ. ಮೀರಬಾರದೆಂಬುದು ಅದೇ ಮಾರ್ಗಸೂಚಿಯ ಮಾತು. ಗರ್ಭಿಣಿಯರಿಗೆ 200 ಮಿ.ಗ್ರಾಂ. ಒಳಗೇ ಇರಲಿ ಎಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಅಂಗಡಿಯ ಸಣ್ಣ ಗ್ಲಾಸಿನಲ್ಲಿ ಪ್ರಮಾಣ ಕಡಿಮೆ ಇರಬಹುದು, ಆದರೆ ಪುಡಿ ಬಹಳ ಹೊತ್ತು ಕುದಿಸಿದ ಚಹಾ ಗಟ್ಟಿ. ರೊಬಸ್ಟಾ ಬೀಜದಲ್ಲಿ ಅರೇಬಿಕಾ ಬೀಜಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹಸಿರು ಚಹಾದಲ್ಲಿಯೂ, ಕೋಲಾದಲ್ಲಿಯೂ, ಹುಡುಗರು ಕುಡಿಯುವ ಎನರ್ಜಿ ಡ್ರಿಂಕ್‌ಗಳಲ್ಲಿಯೂ, ತಲೆನೋವಿನ ಕೆಲವು ಮಾತ್ರೆಗಳಲ್ಲಿಯೂ ಕೆಫೀನ್ ಇದೆಯೆಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಶುಂಠಿ, ಜೀರಿಗೆ, ಕೊತ್ತಂಬರಿಯ ಕಷಾಯದಲ್ಲಿ ಇಲ್ಲ.

ಕುಡಿದ ಮುಕ್ಕಾಲು ಗಂಟೆಯೊಳಗೆ ಕೆಫೀನ್ ಬಹುತೇಕ ಪೂರ್ತಿ ರಕ್ತಕ್ಕೆ ಸೇರುತ್ತದೆ. ಇಳಿಯುವುದು ಮಾತ್ರ ನಿಧಾನ. ಸೇವಿಸಿದ್ದರಲ್ಲಿ ಅರ್ಧ ಕರಗಲು ಆರೋಗ್ಯವಂತರಿಗೆ ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಒಂದು ಲೋಟ ಕಾಫಿಯಲ್ಲಿ 100 ಮಿ.ಗ್ರಾಂ. ಸೇರಿತೆನ್ನೋಣ. ರಾತ್ರಿ ಹತ್ತಕ್ಕೆ 50 ಉಳಿದಿರುತ್ತದೆ, ಅಂದರೆ ಆಗತಾನೇ ಒಂದು ಲೋಟ ಚಹಾ ಕುಡಿದು ಮಲಗಿದಂತೆ. ಬೆಳಗಿನ ಜಾವ ಮೂರಕ್ಕೂ 25 ಇರುತ್ತದೆ. ಡೆಟ್ರಾಯಿಟ್‌ನ ನಿದ್ರಾ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಲಗುವುದಕ್ಕೆ ಆರು ಗಂಟೆ ಮೊದಲು ಸೇವಿಸಿದ 400 ಮಿ.ಗ್ರಾಂ. ಕೆಫೀನ್ ಕೂಡ ನಿದ್ದೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಕಡಿತ ಮಾಡಿತು. "ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತದೆ" ಎನ್ನುವವರಿಗೆ ನಿದ್ದೆ ಬರಬಹುದು. ಆದರೆ ಅದು ಆಳಕ್ಕೆ ಇಳಿಯುವುದಿಲ್ಲ, ಮತ್ತು ಕಳೆದುಹೋದದ್ದು ಮಲಗಿದವರ ಲೆಕ್ಕಕ್ಕೆ ಸಿಗುವುದಿಲ್ಲ.

ಈ ಐದು ಗಂಟೆ ಎಲ್ಲರಿಗೂ ಒಂದೇ ಅಲ್ಲ. ಕೆಫೀನ್ ಕರಗಿಸುವ ಕೆಲಸ ಯಕೃತ್ತಿನದು, ಆದ್ದರಿಂದ ಯಕೃತ್ತಿನ ಕಾಯಿಲೆಯವರಲ್ಲಿ ಅದು ಬಹಳ ಹೊತ್ತು ನಿಲ್ಲುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಎರಡು ಮೂರು ಪಟ್ಟು ಹೊತ್ತು. ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿಯೂ ಹೆಚ್ಚು ಹೊತ್ತು. ಮೂತ್ರದ ಸೋಂಕಿಗೆ, ಭೇದಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಯಕೃತ್ತಿನ ಈ ಕೆಲಸಕ್ಕೆ ತಡೆಯೊಡ್ಡುತ್ತದೆ. ಆ ಮಾತ್ರೆ ನಡೆಯುತ್ತಿರುವಾಗ ಎಂದಿನ ಎರಡು ಲೋಟವೇ ನಾಲ್ಕು ಲೋಟದಂತೆ ಎದೆ ಹೊಡೆಸಬಹುದು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೆಫೀನ್‌ನ ಹತ್ತಿರದ ಬಂಧು. ಎರಡೂ ಸೇರಿದರೆ ನಡುಕ, ವಾಕರಿಕೆ, ಎದೆಬಡಿತ ಹೆಚ್ಚುತ್ತದೆ.

ವಾರ್ಡಿನಲ್ಲಿ ಪದೇ ಪದೇ ಕಾಣುವ ಇನ್ನೊಂದು ಸಂಗತಿ ಇದೆ. ಬೀಡಿ-ಸಿಗರೇಟು ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಹಾಗಾಗಿ ಅವರು ಹೆಚ್ಚು ಚಹಾ ಕುಡಿದರೂ ತಡೆಯುತ್ತದೆ. ಆಸ್ಪತ್ರೆ ಸೇರಿದ ದಿನದಿಂದ ಬೀಡಿ ನಿಲ್ಲುತ್ತದೆ, ಚಹಾ ಮಾತ್ರ ಮೊದಲಿನಷ್ಟೇ ನಡೆಯುತ್ತದೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೆಫೀನ್ ಏರುತ್ತದೆ. ರೋಗಿ ಮಲಗಲೊಲ್ಲ, ಕುಳಿತಲ್ಲಿ ಕೂರಲೊಲ್ಲ, ಎಲ್ಲರ ಮೇಲೂ ರೇಗುತ್ತಾನೆ. ಮನೆಯವರು "ಬೀಡಿ ಬಿಟ್ಟದ್ದಕ್ಕೆ ಹೀಗೆ, ಒಂದು ಸೇದಲಿ ಬಿಡಿ" ಎಂದು ಗುಟ್ಟಾಗಿ ತಂದುಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೀಡಿ ಬಿಟ್ಟವರಿಗೆ ಚಹಾವನ್ನೂ ಅರ್ಧಕ್ಕೆ ಇಳಿಸಿ ನೋಡಿ.

ದಣಿವಿನ ಹಿಂದೆ ಕಾಯಿಲೆ ಇದ್ದರೆ?

ಈ ಭಾಗವನ್ನು ತಾಯಂದಿರು ವಿಶೇಷವಾಗಿ ಓದಬೇಕೆಂದು ನಮ್ಮ ಕೋರಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಕಂಡುಬಂತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ರಕ್ತಹೀನತೆಯ ಮುಖ್ಯ ಲಕ್ಷಣ ಯಾವುದು? ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಎದೆಬಡಿತ. ಆ ಸುಸ್ತಿಗೆ ಅವರು ಮಾಡಿಕೊಳ್ಳುವ ಮದ್ದು? ಚಹಾ. ಅದೂ ಊಟವಾದ ಕೂಡಲೇ, ಅಥವಾ ಊಟದ ಬದಲಿಗೆ.

ಕೆಡುಕು ಆಗುವುದು ಇಲ್ಲಿಯೇ. ಚಹಾ ಮತ್ತು ಕಾಫಿಯಲ್ಲಿರುವ ಟ್ಯಾನಿನ್ ಮೊದಲಾದ ಒಗರು ವಸ್ತುಗಳು ಜೋಳ, ರಾಗಿ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಹೊಟ್ಟೆಯಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಾಂಸ ತಿನ್ನದವರಿಗೆ ಕಬ್ಬಿಣಾಂಶ ಬರುವುದೇ ಈ ಧಾನ್ಯ-ಸೊಪ್ಪುಗಳಿಂದ. ಆದ್ದರಿಂದ ಅವರಿಗೆ ನಷ್ಟ ಹೆಚ್ಚು. ರಕ್ತ ಕಡಿಮೆಯಾಗಿ ಸುಸ್ತು, ಸುಸ್ತಿಗೆ ಚಹಾ, ಚಹಾದಿಂದ ರಕ್ತ ಇನ್ನೂ ಕಡಿಮೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ-ಕಾಫಿ ಬೇಡವೆಂದು ಮೇಲೆ ಹೇಳಿದ 2024ರ ಮಾರ್ಗಸೂಚಿಯೂ ಸ್ಪಷ್ಟವಾಗಿ ಹೇಳಿದೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುವವರು ಬಹಳ. ನೀರಿನಲ್ಲಿ ನುಂಗಿ, ನಿಂಬೆರಸ ಬೆರೆಸಿದ ನೀರಾದರೆ ಇನ್ನೂ ಒಳ್ಳೆಯದು. ಮೂರು ತಿಂಗಳು ಮಾತ್ರೆ ತೆಗೆದುಕೊಂಡರೂ ರಕ್ತ ಏರಲಿಲ್ಲವೆಂದು ಬರುವವರಿಗೆ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಥೈರಾಯ್ಡ್ ಕಡಿಮೆಯಾದರೂ ಸುಸ್ತು. ಅದರ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನಿಂದ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ ಕುಡಿಯಬಾರದು, ಕುಡಿದರೆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. ಸಕ್ಕರೆ ಕಾಯಿಲೆ, ಕ್ಷಯ, ಬಿ-12 ಕೊರತೆ, ಮೂತ್ರಪಿಂಡದ ತೊಂದರೆ, ಇವುಗಳಲ್ಲಿಯೂ ಸುಸ್ತೇ ಮೊದಲು ಕಾಣುವುದುಂಟು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗಿ, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುವವರು ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆಗೆ ಪರೀಕ್ಷೆ ಮಾಡಿಸಬೇಕು. ಅವರಿಗೆ ಎಷ್ಟು ಕಾಫಿ ಕುಡಿದರೂ ಸಾಲುವುದಿಲ್ಲ.

ಮನಸ್ಸಿನ ಮಾತನ್ನೂ ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಮನಸ್ಸಿಲ್ಲ, ಬೆಳಗಿನ ಜಾವವೇ ಎಚ್ಚರ, ಹಸಿವಿಲ್ಲ, ಬದುಕು ಸಾಕೆನಿಸುತ್ತದೆ ಎಂದಾದರೆ ಅದು ಖಿನ್ನತೆಯಿರಬಹುದು. ವರ್ಷಗಟ್ಟಲೆ ರೋಗಿಯ ಸೇವೆ ಮಾಡಿದವರಲ್ಲಿ ಇದು ಅಪರೂಪವೇನಲ್ಲ. ನಾಚಿಕೆಪಡುವ ವಿಷಯವೂ ಅಲ್ಲ, ಇದಕ್ಕೆ ಚಿಕಿತ್ಸೆ ಇದೆ. ರೋಗಿಯನ್ನು ತೋರಿಸಲು ಹತ್ತು ಸಲ ಬಂದ ತಾವು ಒಂದು ಸಲ ತಮ್ಮ ಹೆಸರಿನಲ್ಲಿಯೂ ಚೀಟಿ ಮಾಡಿಸಿ. ಸುಸ್ತು ಎರಡು ಮೂರು ವಾರ ಬಿಡದಿದ್ದರೆ ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಎದೆನೋವು, ಉಸಿರಾಟದ ಕಷ್ಟ, ತಲೆ ತಿರುಗಿ ಬೀಳುವುದು ಇದ್ದರೆ ಚೀಟಿಯ ಸರದಿಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ.

ಸಕ್ಕರೆಯ ಲೆಕ್ಕವನ್ನು ಬೇಗ ಮುಗಿಸೋಣ. ಲೋಟಕ್ಕೆ ಎರಡು ಚಮಚದಂತೆ ಏಳು ಲೋಟಕ್ಕೆ ಹದಿನಾಲ್ಕು ಚಮಚ, ಸುಮಾರು 70 ಗ್ರಾಂ. ಸಕ್ಕರೆ 25 ಗ್ರಾಂ. ಸುತ್ತಮುತ್ತ ಇದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ.

ಕಡಿಮೆ ಮಾಡುವುದು ಹೇಗೆ?

ಇದನ್ನು ಓದಿ ನಾಳೆಯಿಂದಲೇ ಪೂರ್ತಿ ಬಿಟ್ಟುಬಿಡುತ್ತೇನೆಂದು ಹೊರಡಬೇಡಿ. ರೂಢಿಯಿದ್ದವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಜೊತೆಗೆ ವಿಪರೀತ ಜೋಂಪು, ಬೇಸರ, ಕೆಲವರಿಗೆ ವಾಕರಿಕೆ. ಒಂದೆರಡು ದಿನ ಜೋರಾಗಿದ್ದು, ಎರಡರಿಂದ ಒಂಬತ್ತು ದಿನಗಳಲ್ಲಿ ಹೋಗುತ್ತದೆ. ಶಸ್ತ್ರಚಿಕಿತ್ಸೆಗೆಂದು ಉಪವಾಸವಿದ್ದವರಿಗೆ ಬರುವ ತಲೆನೋವಿಗೆ ಅನೇಕ ವೇಳೆ ಇದೇ ಕಾರಣ. ಅರಿವಳಿಕೆ ಕೊಡುವ ವೈದ್ಯರಿಗೆ ತಮ್ಮ ಚಹಾ-ಕಾಫಿಯ ರೂಢಿಯನ್ನು ಮೊದಲೇ ತಿಳಿಸಿ. ಉಪವಾಸದ ನಿಯಮವನ್ನು ಮಾತ್ರ ತಾವಾಗಿ ಮುರಿಯಬೇಡಿ. ಮಾನಸಿಕ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಕೆಫೀನ್ ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರಬಹುದು. ಅವರು ವೈದ್ಯರನ್ನು ಕೇಳಿಯೇ ಕಡಿಮೆ ಮಾಡಬೇಕು.

ಮೊದಲು ದಿನದ ಕೊನೆಯ ಲೋಟ ಬಿಡಿ. ಮೂರು ನಾಲ್ಕು ದಿನ ಕಳೆದ ಮೇಲೆ ಅದರ ಹಿಂದಿನದು. ಹೀಗೆ ಎರಡು ವಾರದಲ್ಲಿ ಮಧ್ಯಾಹ್ನ ಎರಡರ ನಂತರ ಏನೂ ಇಲ್ಲವೆಂಬಲ್ಲಿಗೆ ಬಂದರೆ ಸಾಕು. ಬೆಳಗಿನದು ಇರಲಿ. ಲೋಟ ಬಿಡಲಾಗದಿದ್ದರೆ ಲೋಟವನ್ನೇ ಚಿಕ್ಕದು ಮಾಡಿ. ಜನ ಸೇರಿದಾಗ ಕೈಯಲ್ಲೊಂದು ಬಿಸಿ ಲೋಟ ಬೇಕೆನಿಸುವುದು ಸಹಜ, ಅದಕ್ಕೆ ಕಷಾಯವಾಗಲಿ, ಬಿಸಿ ಮಜ್ಜಿಗೆಯ ಸಾರಾಗಲಿ, ಬರಿಯ ಬಿಸಿನೀರಾಗಲಿ ಆದೀತು.

ಚಹಾ-ಕಾಫಿಯನ್ನು ವಿಷವೆಂದು ಬಗೆಯುವ ಅಗತ್ಯವೂ ಇಲ್ಲ. 2017ರಲ್ಲಿ ನೂರಾರು ಅಧ್ಯಯನಗಳ ಸಾರ ಒಟ್ಟುಗೂಡಿಸಿ ನೋಡಿದಾಗ ದಿನಕ್ಕೆ ಮೂರು ನಾಲ್ಕು ಕಪ್ ಕಾಫಿ ಕುಡಿಯುವ ಆರೋಗ್ಯವಂತರಲ್ಲಿ ಹಾನಿಗಿಂತ ಒಳಿತೇ ಹೆಚ್ಚು ಕಂಡಿತು, ಗರ್ಭಿಣಿಯರನ್ನು ಬಿಟ್ಟು. ನವಜಾತ ಶಿಶು ಘಟಕದಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಉಸಿರು ನಿಲ್ಲದಿರಲೆಂದು ಕೊಡುವ ಔಷಧಿಯೇ ಕೆಫೀನ್. ಅದು ಮದ್ದಾಗುವುದು ಅಳತೆಯಲ್ಲಿ, ವೈದ್ಯರ ಕೈಯಲ್ಲಿ.

ರೋಗಿಯ ಜೊತೆಗಿರುವವರಿಗೆ

ದಣಿವಿಗೆ ನಿಜವಾದ ಮದ್ದು ನಿದ್ದೆ. ಆಸ್ಪತ್ರೆಯಲ್ಲಿ ಅದು ಎಷ್ಟು ಕಷ್ಟವೆಂಬುದು ನಮಗೆ ಗೊತ್ತಿಲ್ಲದೆ ಇಲ್ಲ. ಆದರೂ ಒಬ್ಬರೇ ಎಂಟು ಹತ್ತು ರಾತ್ರಿ ಕೂರುವುದನ್ನು ತಪ್ಪಿಸಿ. ಹೆಚ್ಚಿನ ಮನೆಗಳಲ್ಲಿ ಹೀಗೆ ಕೂರುವವರು ಹೆಂಡತಿ ಅಥವಾ ಸೊಸೆ. ಗಂಡಸರು ಹಗಲು ಬಂದು ವಿಚಾರಿಸಿ ಹೋಗುತ್ತಾರೆ, ಇದನ್ನು ಸ್ವಲ್ಪ ಬೇಸರದಿಂದಲೇ ಬರೆಯುತ್ತಿದ್ದೇವೆ. ಸರದಿ ಹಾಕಿಕೊಳ್ಳಿ. ರಾತ್ರಿ ಎಚ್ಚರವಿದ್ದವರು ಮಧ್ಯಾಹ್ನದ ಪ್ರಸಾದವಾದ ಮೇಲೆ ಒಂದೆರಡು ಗಂಟೆ ಕಣ್ಣು ಮುಚ್ಚಲಿ, ಆ ಹೊತ್ತಿನಲ್ಲಿ ಮಾತಾಡಿಸಲು ಬಂದವರು ಕಾಯಲಿ. ಸಂಜೆ ಮೊಬೈಲ್ ಪಕ್ಕಕ್ಕಿಡಿ.

ರಾತ್ರಿ ಬೈಕಿನಲ್ಲಿ, ಕಾರಿನಲ್ಲಿ ಊರಿಗೆ ಹಿಂತಿರುಗುವವರಿಗೆ ಒಂದು ಮಾತು. ಚಹಾ ಕುಡಿದ ಕೂಡಲೇ ನಿದ್ದೆ ಓಡುವುದಿಲ್ಲ, ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಫಿ ಕುಡಿದು ತಕ್ಷಣ ಹದಿನೈದು ನಿಮಿಷ ಕಣ್ಣು ಮುಚ್ಚಿದ ಚಾಲಕರು ಬರಿಯ ಕಾಫಿ ಕುಡಿದವರಿಗಿಂತ ಕಡಿಮೆ ತಪ್ಪು ಮಾಡಿದರು. ಅದೂ ಒಂದೆರಡು ಗಂಟೆಯ ಆಸರೆ ಮಾತ್ರ. ಎರಡು ರಾತ್ರಿ ನಿದ್ದೆಗೆಟ್ಟವರು ಗಾಡಿ ಹತ್ತಲೇಬಾರದು, ಬೆಳಗಿನ ಬಸ್ಸಿಗೆ ಹೋಗಿ.

ಹೊರರೋಗಿ ವಿಭಾಗದಲ್ಲಿ "ದಿನಕ್ಕೆ ಎಷ್ಟು ಚಹಾ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ "ಬೆಳಿಗ್ಗೆ ಒಂದು, ಸಂಜೆ ಒಂದು". ಪಕ್ಕದಲ್ಲಿದ್ದ ಹೆಂಡತಿ ನಗುತ್ತಾಳೆ. ಆ ನಗೆಯಿಂದಲೇ ನಾವು ಲೆಕ್ಕ ಹಾಕಬೇಕಾಗುತ್ತದೆ. ಒಂದು ವಾರ ಕುಡಿದ ಪ್ರತಿ ಲೋಟವನ್ನೂ ಹೊತ್ತಿನೊಂದಿಗೆ ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಗುರುತು ಮಾಡಿಕೊಂಡು ಬನ್ನಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ರಕ್ತದೊತ್ತಡ ನೋಡಿಸುವ ಮೊದಲಿನ ಅರ್ಧ ಗಂಟೆ ಚಹಾ-ಕಾಫಿ ಬೇಡ. ಗೇಟಿನ ಅಂಗಡಿಯಲ್ಲಿ ಈಗತಾನೇ ಕುಡಿದು ಬಂದಿದ್ದರೆ ಅದನ್ನು ಸಿಸ್ಟರ್‌ಗೆ ಹೇಳಿ, ಅವರು ತಮ್ಮನ್ನು ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ನೋಡುತ್ತಾರೆ.